ಘಟ್ಟದ ಜರೀಗಿಡ ಘಟ್ಟದಲ್ಲಿಯೇ ಇರಲಿ

ಮಳೆಗಾಲದ ಭಾನುವಾರಗಳಂದು ಬಿಸಿಲೆ ಘಟ್ಟದಿಂದಲೋ ಸಕಲೇಶಪುರದ ಗುಡ್ಡಗಳಿಂದಲೋ ಬಯಲಿನ ಕಡೆಗೆ ಮರಳುವ ವಾಹನಗಳ ಹಿಂಬದಿಯಲ್ಲಿ, ಜೇನಿನ ಸೀಸೆ, ಕಾಫಿಪುಡಿಯ ಪೊಟ್ಟಣಗಳ ಪಕ್ಕದಲ್ಲಿ, ಬೇರುಸಹಿತ ಕಿತ್ತು ತುರುಕಿದ ಜರೀಗಿಡಗಳು ಕಣ್ಣಿಗೆ ಬೀಳುತ್ತವೆ. ಹಾಸನದ ಹೊಸ ಬಡಾವಣೆಗಳ ಪಡಸಾಲೆಗೆ, ಹೊಳೆನರಸೀಪುರದ ಮೆಟ್ಟಿಲ ಬದಿಗೆ, ಅರಕಲಗೂಡಿನ ಜಗುಲಿಗೆ, ಚನ್ನರಾಯಪಟ್ಟಣದ ತಾರಸಿಗೆ ಅವು ಹೋಗಿ ಸೇರುತ್ತವೆ. ನಾಲ್ಕು ತಿಂಗಳು ಬಂದವರೆಲ್ಲ ಹೊಗಳುತ್ತಾರೆ. ಶಿವರಾತ್ರಿಯ ಹೊತ್ತಿಗೆ ಗರಿಯ ಅಂಚು ಸುಟ್ಟಂತಾಗುತ್ತದೆ. ಯುಗಾದಿಗೆ ಮನೆ ತೊಳೆಯುವಾಗ ಕುಂಡ ಬರಿದಾಗಿ ಗಿಡ ತಿಪ್ಪೆ ಸೇರುತ್ತದೆ. ಮುಂದಿನ ಮಳೆಗಾಲಕ್ಕೆ ಘಟ್ಟದಲ್ಲಿ ಇನ್ನೊಂದು ಗಿಡ ಇದ್ದೇ ಇದೆಯಲ್ಲ! ಇದಕ್ಕೆ ಸಸ್ಯಪ್ರೇಮವೆಂಬ ಹೆಸರು ಬೇರೆ. ನಾವು ಇದನ್ನು ಒಪ್ಪುವುದಿಲ್ಲ. ಜರೀಗಿಡವನ್ನು ಮನೆಯಲ್ಲಿ ಬೆಳೆಸಬಾರದೆಂಬುದು ನಮ್ಮ ವಾದವಲ್ಲ. ಬೆಳೆಸಬೇಕೆಂಬುದೇ ನಮ್ಮ ವಾದ. ಆದರೆ ಕಿತ್ತು ತಂದು ಇಟ್ಟುಕೊಳ್ಳುವುದು ಬೆಳೆಸುವುದಲ್ಲ.

ಜರೀಗಿಡ ಹೂ ಬಿಡದ, ಬೀಜ ಕಟ್ಟದ ಸಸ್ಯ. ಭೂಮಿಯ ಮೇಲೆ ಮೊದಲ ಹೂವು ಅರಳುವುದಕ್ಕೆ ಎಷ್ಟೋ ಮೊದಲೇ, ಸುಮಾರು 36 ಕೋಟಿ ವರ್ಷಗಳ ಹಿಂದೆಯೇ, ಇದರ ಪೂರ್ವಜರು ಇದ್ದರು. ಮಾಗಿದ ಗರಿಯ ಅಡಿಯಲ್ಲಿ ಸಾಲುಸಾಲಾಗಿ ಕಾಣುವ ಕಂದು ಚುಕ್ಕೆಗಳಲ್ಲಿ ಧೂಳಿಗಿಂತ ನಯವಾದ ಬೀಜಾಣುಗಳಿರುತ್ತವೆ. ಗಾಳಿಯಲ್ಲಿ ಹಾರಿದ ಲಕ್ಷಾಂತರ ಬೀಜಾಣುಗಳಲ್ಲಿ ಒಂದೋ ಎರಡೋ ಒದ್ದೆಯಾದ ನೆರಳಿನ ತಾವು ಕಂಡು ಮೊಳೆಯುತ್ತವೆ. ಮೊಳೆತದ್ದು ಕೂಡ ನೇರವಾಗಿ ಜರೀಗಿಡವಾಗುವುದಿಲ್ಲ. ಮೊದಲು ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ, ಹೃದಯದ ಆಕಾರದ ಒಂದು ಹಸಿರು ತಗಡು ಹುಟ್ಟುತ್ತದೆ. ಅದರ ಮೇಲೆ ನೀರಿನ ಪೊರೆ ಇದ್ದರೆ ಮಾತ್ರ ಗಂಡು ಕಣ ಈಜಿ ಹೋಗಿ ಹೆಣ್ಣು ಕಣವನ್ನು ಸೇರಬಲ್ಲದು. ಆ ಒಂದು ಹನಿ ನೀರಿಲ್ಲದಿದ್ದರೆ ಮುಂದಿನ ಪೀಳಿಗೆಯೇ ಇಲ್ಲ. ಹೀಗೆ ಕಾಡಿನ ತೊರೆಯಂಚಿನಲ್ಲಿ ನೆಲೆನಿಂತ ಒಂದು ಬಲಿತ ಗಿಡವೆಂದರೆ ಹಲವು ಮಳೆಗಾಲಗಳ ಕೂಡಿಕೆ. ಅದನ್ನು ಕೀಳಲು ಅರ್ಧ ನಿಮಿಷ ಸಾಕು. ಕೂದಲೆಳೆಯಂತಹ ಅದರ ಕಪ್ಪು ಬೇರುಗಳಲ್ಲಿ ಹೆಚ್ಚಿನವು ಕಲ್ಲಿನ ಸಂದಿಯಲ್ಲಿಯೇ ಉಳಿದುಬಿಡುತ್ತವೆ. ಮನೆಗೆ ಬರುವುದು ಸಾಯಲು ಆರಂಭಿಸಿದ ಗಿಡ.

ಮರದಂತೆ ಎತ್ತರಕ್ಕೆ ಬೆಳೆಯುವ ಜರೀಗಿಡಗಳ ಪಾಡು ಇನ್ನೂ ಕಠಿಣ. ಪಶ್ಚಿಮ ಘಟ್ಟದ ತೊರೆಗಳ ಬದಿಯಲ್ಲಿ ಛತ್ರಿ ಬಿಚ್ಚಿದಂತೆ ನಿಂತಿರುವ ಸಯಾಥಿಯ ಜಾತಿಯ ಗಿಡಗಳನ್ನು ನೋಡಿದವರು ಅವನ್ನು ಮರೆಯಲಾರರು. ಅದರ ಕಾಂಡವೆಂದು ನಾವು ತಿಳಿಯುವುದು ಬಹುಮಟ್ಟಿಗೆ ಒತ್ತಾಗಿ ಹೆಣೆದುಕೊಂಡ ಬೇರುಗಳ ಹೊದಿಕೆ. ಅದು ನೀರು ಹಿಡಿದಿಡುತ್ತದೆ, ಬೇಗ ಕೊಳೆಯದು. ಈ ಗುಣಕ್ಕಾಗಿಯೇ ಜಗತ್ತಿನ ಹಲವೆಡೆ ಅದನ್ನು ಕಡಿದು ಹಲಗೆ ಮಾಡಿ ಆರ್ಕಿಡ್ ಕೂರಿಸುವ ರೂಢಿ ಬೆಳೆಯಿತು. ಸಾಮಾನ್ಯವಾಗಿ ಇದಕ್ಕಿರುವುದು ಒಂದೇ ಬೆಳೆಯುವ ತುದಿ. ತುದಿ ಕಡಿದರೆ ತೆಂಗು ಸತ್ತ ಹಾಗೆಯೇ ಇದೂ ಸಾಯುತ್ತದೆ. ಸಯಾಥಿಯ ಜಾತಿಗಳೆಲ್ಲ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಸೇರಿವೆ. ಇನ್ನು ಸಾಮಾನ್ಯ ಜರೀಗಿಡದ ಮಾತೆತ್ತಿದರೆ, 'ಹುಲ್ಲಿನಂತೆ ಬೆಳೆದಿದೆ, ಒಂದು ಕಿತ್ತರೆ ಯಾರ ಗಂಟು ಹೋಯಿತು?' ಎನ್ನುವವರಿದ್ದಾರೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅರಣ್ಯ ಉತ್ಪನ್ನವೆಂದರೆ ಮರಮುಟ್ಟು ಮಾತ್ರವಲ್ಲ. ಕಾಡಿನಿಂದ ತಂದ ಹುಲ್ಲು, ಬಳ್ಳಿ, ಪಾಚಿಯೂ ಅದರೊಳಗೆ ಬರುತ್ತವೆ. ಸೌದೆ ಹೊತ್ತು ತರುವ ಮುದುಕಿಯನ್ನು ತಡೆದು ನಿಲ್ಲಿಸಲು ಬಳಕೆಯಾಗುವ ಕಾಯ್ದೆ ಕಾರಿನಲ್ಲಿ ಬರುವ ಜರೀಗಿಡವನ್ನು ಕಂಡು ಮುಖ ತಿರುಗಿಸುವುದೇಕೆ ಎಂಬ ಪ್ರಶ್ನೆಯನ್ನು ಇಲ್ಲಿ ಕೇಳಿ ಮುಂದೆ ಹೋಗುತ್ತೇವೆ.

ಈ ಖಯಾಲಿ ಹೊಸದೇನೂ ಅಲ್ಲ, ನಮ್ಮದೂ ಅಲ್ಲ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಎಂಬಾತ 1829ರ ಸುಮಾರಿಗೆ ಒಂದು ಪತಂಗದ ಕೋಶವನ್ನು ಒದ್ದೆ ಮಣ್ಣಿನೊಡನೆ ಮುಚ್ಚಿದ ಸೀಸೆಯಲ್ಲಿಟ್ಟಿದ್ದ. ಅದರೊಳಗೆ ತಾನಾಗಿ ಒಂದು ಜರೀಗಿಡ ಮೊಳೆಯಿತು. ಲಂಡನ್ನಿನ ಕಲ್ಲಿದ್ದಲ ಹೊಗೆಯಲ್ಲಿ ಬದುಕದ ಗಿಡ ಮುಚ್ಚಿದ ಗಾಜಿನಲ್ಲಿ ಬದುಕುತ್ತದೆಂದು ಅವನಿಗೆ ಹೊಳೆಯಿತು. ಅಲ್ಲಿಂದ ಇಂಗ್ಲೆಂಡಿನ ಮನೆಮನೆಗೆ ಜರೀಗಿಡದ ಗಾಜಿನ ಪೆಟ್ಟಿಗೆ ಬಂತು. ಈ ಗೀಳು ಎಷ್ಟು ಬೆಳೆಯಿತೆಂದರೆ 1855ರಲ್ಲಿ ಚಾರ್ಲ್ಸ್ ಕಿಂಗ್ಸ್‌ಲಿ ಅದಕ್ಕೆ 'ಟೆರಿಡೋಮೇನಿಯಾ', ಎಂದರೆ ಜರೀಗಿಡದ ಹುಚ್ಚು, ಎಂದು ಹೆಸರನ್ನೇ ಇಟ್ಟ. ಐರ್ಲೆಂಡಿನ ಕಿಲಾರ್ನಿಯ ಒದ್ದೆ ಬಂಡೆಗಳಲ್ಲಿ ಬೆಳೆಯುತ್ತಿದ್ದ ಜರೀಗಿಡವನ್ನು ಬುಟ್ಟಿಗಟ್ಟಲೆ ಕಿತ್ತು ಮಾರಿ ಹಲವೆಡೆ ಅದರ ಸುಳಿವೇ ಇಲ್ಲದಂತೆ ಮಾಡಲಾಯಿತು. ಕಥೆ ಅಲ್ಲಿಗೇ ನಿಂತಿದ್ದರೆ ನಾವು ಇಲ್ಲಿ ಹೇಳಬೇಕಾಗಿರಲಿಲ್ಲ. ಜರೀಗಿಡದಿಂದ ಹುಟ್ಟಿದ ಅದೇ ಗಾಜಿನ ಪೆಟ್ಟಿಗೆಯಲ್ಲಿ ಚೀನಾದ ಚಹಾ ಸಸಿಗಳು ಹಿಮಾಲಯಕ್ಕೆ ಬಂದವು. 1860ರ ದಶಕದಲ್ಲಿ ಸಿಂಕೋನಾ ಸಸಿಗಳು ನೀಲಗಿರಿಗೆ ಬಂದವು. ಅವನ್ನು ನೆಡಲು ಬೆಟ್ಟದ ಕಾಡು ಬಯಲಾಯಿತು. ಒಂದು ಜರೀಗಿಡವನ್ನು ಉಳಿಸಿದ ಪೆಟ್ಟಿಗೆ ಎಷ್ಟು ಜರೀಗಿಡಗಳ ಮನೆಯನ್ನು ಮುರಿಯಿತೆಂದು ಲೆಕ್ಕ ಹಾಕಿದವರಿಲ್ಲ. ಅದೇ ಕಾಲದಲ್ಲಿ ಮದರಾಸು ಅರಣ್ಯ ಇಲಾಖೆಯ ಕರ್ನಲ್ ಬೆಡ್ಡೋಮ್ ದಕ್ಷಿಣ ಭಾರತದ ಜರೀಗಿಡಗಳನ್ನು ಕುರಿತು 1863-64ರಲ್ಲಿ ಚಿತ್ರಸಹಿತ ಗ್ರಂಥ ಪ್ರಕಟಿಸಿದ. ಅವನ ಶ್ರಮಕ್ಕೆ ಕೈಮುಗಿಯೋಣ. ಆದರೆ ಅವನ ನಾಡಿನವರು ಕಲಿಸಿದ ಹುಚ್ಚನ್ನು, ಅವರೇ ಬಿಟ್ಟ ಮೇಲೂ, ನಾವೇಕೆ ಹೊತ್ತು ತಿರುಗಬೇಕು?

'ಜರೀಗಿಡಕ್ಕೆ ಬೀಜವಿಲ್ಲ, ಆದ್ದರಿಂದ ಕಾಡಿನಿಂದ ತರದೆ ಬೇರೆ ದಾರಿಯಿಲ್ಲ' ಎಂಬುದು ಕಿತ್ತು ತರುವವರ ಮೊದಲ ಸಮರ್ಥನೆ. ಇದು ಶುದ್ಧ ಸೋಮಾರಿತನದ ಮಾತು. ಬೀಜಾಣುವಿನಿಂದ ಗಿಡ ಎಬ್ಬಿಸುವುದು ಹೈಸ್ಕೂಲು ವಿದ್ಯಾರ್ಥಿ ಕೂಡ ಮಾಡಬಹುದಾದ ಕೆಲಸ. ನೆರೆಮನೆಯಲ್ಲಿ ಈಗಾಗಲೇ ಇರುವ ಗಿಡದಿಂದ, ಅಡಿಯ ಚುಕ್ಕೆಗಳು ಹಸಿರು ಬಿಟ್ಟು ಕಂದುಬಣ್ಣಕ್ಕೆ ತಿರುಗಿದ ಒಂದೇ ಒಂದು ಗರಿಯ ತುಂಡನ್ನು ಕೇಳಿ ಪಡೆಯಿರಿ. ಬಿಳಿ ಕಾಗದದ ಮಡಿಕೆಯಲ್ಲಿ ಚುಕ್ಕೆಗಳ ಮುಖ ಕೆಳಗೆ ಮಾಡಿ ಗಾಳಿ ಆಡದ ಕಡೆ ಎರಡು ದಿನ ಇಡಿ. ಕಾಗದದ ಮೇಲೆ ನಶ್ಯದಂತಹ ಪುಡಿ ಉದುರಿರುತ್ತದೆ, ಅದೇ ಬೀಜಾಣು. ಒಂದು ಹಸಿ ಕೆಂಪು ಇಟ್ಟಿಗೆಯ ಚೂರನ್ನು, ಇಲ್ಲವೆ ತೊಳೆದ ತೆಂಗಿನ ನಾರಿನ ಪುಡಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದು ಆರಿಸಿ, ಅಗಲ ಬಾಯಿಯ ಗಾಜಿನ ಭರಣಿಯೊಳಗಿಡಿ. ಕುದಿಸುವುದನ್ನು ಬಿಡಬೇಡಿ, ಬಿಟ್ಟರೆ ಪಾಚಿಯೂ ಬೂಷ್ಟೂ ಮೊದಲು ಎದ್ದು ಎಲ್ಲವನ್ನೂ ನುಂಗುತ್ತವೆ. ಆ ಪುಡಿಯನ್ನು ಮೇಲೆ ತೆಳುವಾಗಿ ಉದುರಿಸಿ, ಮಣ್ಣು ಮುಚ್ಚದೆ, ಬಾಯಿಯನ್ನು ಗಾಜಿನಿಂದಲೋ ಪ್ಲಾಸ್ಟಿಕ್ ಹಾಳೆಯಿಂದಲೋ ಮುಚ್ಚಿ, ಬಿಸಿಲು ನೇರವಾಗಿ ಬೀಳದ ಕಿಟಕಿಯ ಬಳಿ ಬಿಡಿ. ತಿಂಗಳೊಪ್ಪತ್ತಿನಲ್ಲಿ ಇಟ್ಟಿಗೆಯ ಮೇಲೆ ಹಸಿರು ಲೇಪ ಕಾಣುತ್ತದೆ. ನಂತರ ಆ ಹೃದಯಾಕಾರದ ತಗಡುಗಳು. ಆಗ ಕುದಿಸಿ ಆರಿಸಿದ ನೀರನ್ನು ಮಂಜಿನಂತೆ ಚಿಮುಕಿಸಬೇಕು. ಗಂಡು ಕಣ ಈಜಲು ಬೇಕಾದ ಹೊಳೆ ಅದೇ. ಇನ್ನೆರಡು ಮೂರು ತಿಂಗಳಿಗೆ ಗುಂಡುಸೂಜಿಯ ತಲೆಯಷ್ಟು ದೊಡ್ಡ ಮೊದಲ ಗರಿಗಳು ಎದ್ದುನಿಲ್ಲುತ್ತವೆ. ಕುಂಡಕ್ಕೆ ತಕ್ಕ ಗಿಡವಾಗಲು ವರ್ಷವೇ ಬೇಕಾದೀತು. ಬೇಕಾಗಲಿ! ಅಡಿಕೆ ಸಸಿ ನೆಟ್ಟು ಐದಾರು ವರ್ಷ ಕಾಯುವ ಜನ ನಾವು. ಒಂದು ಜರೀಗಿಡಕ್ಕೆ ಒಂದು ವರ್ಷ ಕಾಯಲಾರೆವೆ?

ಅಷ್ಟೂ ತಾಳ್ಮೆಯಿಲ್ಲದವರಿಗೆ ಸುಲಭದ ದಾರಿಗಳಿವೆ. ಕತ್ತಿಯಂತೆ ಉದ್ದ ಗರಿ ಬಿಡುವ ನೆಫ್ರೋಲೆಪಿಸ್ ಜಾತಿಯ ಗಿಡ ನಮ್ಮ ಕಾಫಿ ತೋಟದ ಅಂಚುಗಳಲ್ಲಿಯೂ ಇದೆ, ನರ್ಸರಿಗಳಲ್ಲಿಯೂ ಇದೆ. ನರ್ಸರಿಯವರು ಬೋಸ್ಟನ್ ಫರ್ನ್ ಎನ್ನುವುದು ಇದೇ ಬಳಗದ್ದು. 1894ರಲ್ಲಿ ಬೋಸ್ಟನ್ನಿಗೆ ಕಳುಹಿಸಿದ ಗಿಡಗಳ ನಡುವೆ ಬೇರೆಯಾಗಿ ಕಂಡ ಒಂದರಿಂದ ಹಬ್ಬಿದ್ದು. ಇದು ದಾರದಂತಹ ಹಂಬುಗಳನ್ನು ಸುತ್ತಲೂ ಚಾಚಿ ತುದಿಯಲ್ಲಿ ಮರಿ ಹಾಕುತ್ತದೆ. ಒಂದು ಕುಂಡವಿದ್ದರೆ ಎರಡು ವರ್ಷದಲ್ಲಿ ಬೀದಿಗೆಲ್ಲ ಹಂಚಬಹುದು. ಬಾಳೆಕಂದಿನಂತೆ, ಕರಿಬೇವಿನ ಮರಿಯಂತೆ ಬೇಲಿಯಾಚೆಯಿಂದ ಬೇಲಿಯೀಚೆಗೆ ಕೈಬದಲಾಗಬೇಕಾದ ಗಿಡಕ್ಕಾಗಿ ಘಟ್ಟ ಹತ್ತುವುದು ಎಂತಹ ವಿವೇಕ? ಹಂಸಪದಿ ಇನ್ನೂ ಚೆಲುವಿನದು. ಅದರ ಗರಿಯ ತುದಿ ಬಾಗಿ ನೆಲ ಮುಟ್ಟಿದಲ್ಲಿ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಪಕ್ಕದಲ್ಲೊಂದು ಮಣ್ಣಿನ ಬಟ್ಟಲಿಟ್ಟು ತುದಿಯನ್ನು ಸಣ್ಣ ಕಲ್ಲಿನಿಂದ ಒತ್ತಿಟ್ಟರೆ ಸಾಕು.

ಇಲ್ಲಿ ಒಂದು ಮಾತು. ನಮ್ಮ ಹಂಸಪದಿ ಬೇಸಿಗೆಯಲ್ಲಿ ಮೇಲೆ ಒಣಗಿ ನೆಲದೊಳಗೆ ಮಲಗುತ್ತದೆ. ಮಾವು, ತೆಂಗಿನ ಮರಗಳನ್ನಪ್ಪಿ ಬೆಳೆಯುವ ಡ್ರೈನೇರಿಯಾ ಎಂಬ ಜರೀಗಿಡವೂ ಒಣಗಾಲದಲ್ಲಿ ತನ್ನ ಹಸಿರು ಗರಿಗಳನ್ನು ಉದುರಿಸುತ್ತದೆ. ಬುಡದಲ್ಲಿ ಕಾಣುವ ಕಂದು ಎಲೆಗಳು ಕಸವಲ್ಲ. ಉದುರುವ ತರಗನ್ನು ಹಿಡಿದು ಗೊಬ್ಬರ ಮಾಡಿಕೊಳ್ಳಲು ಗಿಡವೇ ಕಟ್ಟಿಕೊಂಡ ಬುಟ್ಟಿ. ಇದನ್ನರಿಯದವರು ಏಪ್ರಿಲ್‌ನಲ್ಲಿ ಗಿಡ ಸತ್ತಿತೆಂದು ಎಸೆಯುತ್ತಾರೆ. ಮುಂಗಾರಿನ ಮೊದಲ ಹದ ಮಳೆಯವರೆಗೆ ತಡೆದಿದ್ದರೆ ಸುರುಳಿ ಚಿಗುರು ತಾನಾಗಿ ಮೇಲೇಳುತ್ತಿತ್ತು. ಇನ್ನು ಕೆಲವರು ಗರಿಯ ಅಡಿಯ ಚುಕ್ಕೆಗಳನ್ನು ಹುಳುವೆಂದು ತಿಳಿದು ಔಷಧಿ ಹೊಡೆಯುತ್ತಾರೆ. ಸಾಲಾಗಿ, ಒಂದೇ ಅಳತೆಯಲ್ಲಿ, ಎರಡೂ ಬದಿ ಒಂದೇ ಬಗೆಯಾಗಿದ್ದರೆ ಅದು ಬೀಜಾಣುವಿನ ಮನೆ. ಎಲ್ಲೆಂದರಲ್ಲಿ ಅಂಟಿ, ಉಗುರು ತಾಗಿದರೆ ಬಿಡುವಂತಿದ್ದರೆ ಹುಳು. ಹುಳುವಾದರೂ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಎಳೆಯ ಗರಿಗೆ ಔಷಧಿ ತಗುಲಿದರೆ ಹುಳುವಿಗಿಂತ ಮೊದಲು ಅದೇ ಕರಟುತ್ತದೆ.

ಎರಡನೆಯ ಸಮರ್ಥನೆ ಬಯಲಿನವರದು: 'ನಮ್ಮ ಸೆಕೆಗೆ ಇದು ಉಳಿಯುವುದಿಲ್ಲ, ಅದಕ್ಕೇ ಪ್ರತಿವರ್ಷ ಹೊಸದು ಬೇಕು.' ಸಕಲೇಶಪುರದ ಘಟ್ಟದಂಚಿನಲ್ಲಿ ಸುರಿಯುವ ಮಳೆಯ ಮೂರನೆಯ ಒಂದು ಪಾಲು ಚನ್ನರಾಯಪಟ್ಟಣಕ್ಕೆ ಬೀಳುವುದೂ ಕಷ್ಟ, ನಿಜ. ಹಾಗಾದರೆ ಹಳೆಯ ಕಲ್ಲುಬಾವಿಗಳ ಒಳಗೋಡೆಯಲ್ಲಿ, ಕಲ್ಯಾಣಿಗಳ ಮೆಟ್ಟಿಲ ಸಂದಿಯಲ್ಲಿ, ಗಾರೆಗೋಡೆಯ ಬಿರುಕಿನಲ್ಲಿ ಯಾರೂ ನೆಡದೆ ಬೆಳೆದಿದ್ದ ಜರೀಗಿಡಗಳು ಎಲ್ಲಿಂದ ಬಂದವು? ಸುಣ್ಣದ ಗಾರೆಯನ್ನೇ ಮೆಚ್ಚಿ ಬೆಳೆಯುವ ಟೆರಿಸ್ ವಿಟಾಟ ಎಂಬ ಜಾತಿ ಬಯಲುಸೀಮೆಯ ಗೋಡೆಗಳಲ್ಲಿ ಸಾಮಾನ್ಯ. (ಈ ಗಿಡ ಮಣ್ಣಿನ ಆರ್ಸೆನಿಕ್ ವಿಷವನ್ನು ಹೀರಿ ಗರಿಯಲ್ಲಿ ಕೂಡಿಡುತ್ತದೆಂದು 2001ರಲ್ಲಿ ಫ್ಲಾರಿಡಾದ ವಿಜ್ಞಾನಿಗಳು ತೋರಿಸಿದರು. ಬಡವರ ಬಾವಿಯಂಚಿನ ಕಳೆಗೆ ಇಷ್ಟು ವಿದ್ಯೆ ಗೊತ್ತಿದೆ!) ಬಾವಿಯಲ್ಲಿ ನೀರಿದ್ದಾಗ ಬಾವಿಯ ಬಾಯಿಯೇ ಒಂದು ಪುಟ್ಟ ಮಲೆನಾಡಾಗಿತ್ತು. ಕೊಳವೆಬಾವಿ ಬಂದು ತೆರೆದ ಬಾವಿ ಬತ್ತಿತು. ಜೀರ್ಣೋದ್ಧಾರದ ಹೆಸರಿನಲ್ಲಿ ಕಲ್ಯಾಣಿಯ ಸಂದುಗಳಿಗೆ ಸಿಮೆಂಟು ಮೆತ್ತಲಾಯಿತು. ಹಿತ್ತಿಲಿಗೆ ಕಾಂಕ್ರೀಟು ಹಾಸಿ ಬಚ್ಚಲ ನೀರನ್ನು ಚರಂಡಿಗೆ ಬಿಡಲಾಯಿತು. ಜರೀಗಿಡ ಬಾಳುವ ತಾಣಗಳನ್ನೆಲ್ಲ ನಾವೇ ಒಣಗಿಸಿ, ಈಗ ಸೆಕೆಯನ್ನು ದೂರುತ್ತಿದ್ದೇವೆ.

ಬಯಲಿನ ಮನೆಯಲ್ಲಿ ಜರೀಗಿಡ ಸಾಯುವುದು ಸೆಕೆಯಿಂದಲ್ಲ, ಒಣ ಗಾಳಿಯಿಂದ ಮತ್ತು ತಪ್ಪು ನೀರಿನಿಂದ. ಪಡಸಾಲೆಯ ಫ್ಯಾನಿನ ಕೆಳಗೆ ಅದನ್ನಿಡುವುದೆಂದರೆ ಮೀನನ್ನು ದಡದಲ್ಲಿಟ್ಟಂತೆ. ಬಚ್ಚಲ ಹಿಂಬದಿ, ತೊಟ್ಟಿಯ ಪಕ್ಕ, ಪಾತ್ರೆ ತೊಳೆಯುವ ಕಲ್ಲಿನ ನೆರಳು, ಪೂರ್ವದ ಎಳೆಬಿಸಿಲು ಮಾತ್ರ ತಾಗುವ ಜಗುಲಿ ಅದರ ತಾವು. ನಾಲ್ಕಾರು ಕುಂಡಗಳನ್ನು ಒತ್ತಾಗಿ ಕೂರಿಸಿದರೆ ಒಂದರ ಉಸಿರಿನ ತೇವ ಇನ್ನೊಂದಕ್ಕೆ ದಕ್ಕುತ್ತದೆ. ಅಗಲದ ತಟ್ಟೆಯಲ್ಲಿ ಜಲ್ಲಿ ಹರಡಿ ನೀರು ನಿಲ್ಲಿಸಿ, ಕುಂಡದ ತಳ ನೀರಿಗೆ ಮುಟ್ಟದಂತೆ ಅದರ ಮೇಲಿಡಿ. ಬಣ್ಣ ಹಚ್ಚದ ಮಣ್ಣಿನ ಕುಂಡವೇ ಮೇಲು. ಕೊಳವೆಬಾವಿಯ ಗಡಸು ನೀರು ಕುಂಡದ ಅಂಚಿನಲ್ಲಿ ಬಿಳಿಯ ಹರಳು ಬಿಡುವುದನ್ನು ನೋಡಿರುತ್ತೀರಿ. ಅದೇ ಉಪ್ಪು ಬೇರಿನ ಸುತ್ತಲೂ ಕೂರುತ್ತದೆ, ಗರಿಯ ತುದಿ ಸುಡುತ್ತದೆ. ಆದ್ದರಿಂದ ತಾರಸಿಯ ಮಳೆನೀರನ್ನು ಒಂದು ಪೀಪಾಯಿಯಲ್ಲಾದರೂ ಹಿಡಿದಿಡಿ. ನೀರನ್ನು ಬುಡದ ಸುಳಿಗೆ ಸುರಿಯದೆ ಅಂಚಿನಿಂದ ಕೊಡಿ. ಬೆರಳಿಗೆ ಮಣ್ಣು ತಂಪೆನಿಸುವಷ್ಟು ಹಸಿಯಿರಬೇಕು, ಕೆಸರಾಗಬಾರದು.

ಮಣ್ಣಿನ ವಿಷಯಕ್ಕೆ ಬಂದರೆ, ಕಾಡಿನ ಗೋಡು ಮಣ್ಣನ್ನು ಚೀಲದಲ್ಲಿ ತುಂಬಿ ಮಾರುವ ಇನ್ನೊಂದು ದಂಧೆಯಿದೆ. ಅದು ಸಂಪೂರ್ಣ ಅನಗತ್ಯ. ಚನ್ನರಾಯಪಟ್ಟಣದ ತೆಂಗಿನ ಸೀಮೆಯಲ್ಲಿ ನಾರಿನ ಪುಡಿಗೆ ಬರವೇ? ಆ ಪುಡಿಯನ್ನು ಎರಡು ಮೂರು ಬಾರಿ ನೀರಿನಲ್ಲಿ ನೆನೆಸಿ ಹಿಂಡಿ ಅದರ ಉಪ್ಪು ಮತ್ತು ಒಗರನ್ನು ಕಳೆಯಬೇಕು. ಎರಡು ಪಾಲು ಪುಡಿ, ಒಂದು ಪಾಲು ಸ್ವಂತ ಹಿತ್ತಿಲಿನ ತರಗೆಲೆ ಗೊಬ್ಬರ, ಒಂದು ಪಾಲು ದಪ್ಪ ಮರಳು ಅಥವಾ ಒಡೆದ ಹೆಂಚಿನ ಚೂರು, ಹಿಡಿಯಷ್ಟು ಇದ್ದಿಲು. ನೆಲದ ಮಟ್ಟದಲ್ಲಿ ಹರಿಯುವ ದಪ್ಪ ಬೇರುಕಾಂಡವನ್ನು ಹೂಳಬೇಡಿ, ಮೇಲೆ ಕೂರಿಸಿ ಅಷ್ಟೆ. ಡ್ರೈನೇರಿಯಾದಂತಹ ಮರದ ಗಿಡಕ್ಕೆ ಕುಂಡವೇ ಬೇಡ. ನೆರೆಯ ತೋಟದಲ್ಲಿ ಗಾಳಿಗೆ ಬಿದ್ದ ಕೊಂಬೆಯಲ್ಲಿದ್ದುದರ ತುಂಡನ್ನು ನಿಮ್ಮ ಮನೆಯ ತೆಂಗಿನ ಬೊಡ್ಡೆಗೆ ನಾರಿನ ಹಗ್ಗದಿಂದ ಕಟ್ಟಿದರೆ ಎರಡನೆಯ ಮಳೆಗಾಲಕ್ಕೆ ಹಗ್ಗ ಕೊಳೆತು ಗಿಡ ತಾನೇ ಹಿಡಿದುಕೊಂಡಿರುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಸೋಸಿದ ಸಗಣಿ ನೀರನ್ನು ತಿಳಿಯಾಗಿ ಕೊಟ್ಟರೆ ಬೇರೆ ಗೊಬ್ಬರ ಬೇಕಿಲ್ಲ.

ಬಯಲಿನ ರೈತನಿಗೆ ಜರೀಗಿಡ ಸಾಕಲು ಬಾರದೆನ್ನುವವರು ಅವನ ಕೊಟ್ಟಿಗೆಯ ಹಿಂದೆ ಒಮ್ಮೆ ನೋಡಬೇಕು. ಹೈನುಗಾರಿಕೆಯ ಮನೆಗಳ ಹಿತ್ತಿಲಲ್ಲಿ ಟಾರ್ಪಾಲು ಹಾಸಿದ ಗುಂಡಿಯ ನೀರಿನ ಮೇಲೆ ಹಸಿರು ಕಂಬಳಿಯಂತೆ ತೇಲುವ ಅಜೋಲ ಯಾವ ಗಿಡ? ಅದೂ ಜರೀಗಿಡವೇ, ನೀರಿನ ಜರೀಗಿಡ. ಅದರ ಎಲೆಯ ಪೊಟರೆಯಲ್ಲಿ ವಾಸಿಸುವ ನೀಲಿಹಸಿರು ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ. ಚೀನಾ, ವಿಯೆಟ್ನಾಮಿನ ಭತ್ತದ ಗದ್ದೆಗಳಲ್ಲಿ ಶತಮಾನಗಳಿಂದ ಇದು ಗೊಬ್ಬರ. ನಮ್ಮಲ್ಲಿ ಹಸುವಿನ ಮೇವು. ಎರಡೂಕಾಲು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಗುಂಡಿಗೆ ಹಾಳೆ ಹಾಸಿ, 10ರಿಂದ 15 ಕಿಲೋ ಜರಡಿ ಹಿಡಿದ ಮಣ್ಣು ಹರಡಿ, 2 ಕಿಲೋ ಸಗಣಿ ಮತ್ತು 30 ಗ್ರಾಂ ಸೂಪರ್ ಫಾಸ್ಫೇಟನ್ನು 10 ಲೀಟರ್ ನೀರಿನಲ್ಲಿ ಕದಡಿ ಸುರಿದು, ಗೇಣಿಗಿಂತ ಕಡಿಮೆ ನೀರು ನಿಲ್ಲಿಸಿ, ಅರ್ಧದಿಂದ ಒಂದು ಕಿಲೋ ಅಜೋಲ ಬಿಟ್ಟರೆ ಹತ್ತು ಹದಿನೈದು ದಿನದಲ್ಲಿ ಗುಂಡಿ ತುಂಬುತ್ತದೆ. ಆಮೇಲೆ ದಿನಕ್ಕೆ ಅರ್ಧ ಕಿಲೋದಷ್ಟು ತೆಗೆಯಬಹುದು. ಒಣತೂಕದಲ್ಲಿ ಶೇ. 25ರಷ್ಟೋ ಅದಕ್ಕಿಂತ ಹೆಚ್ಚೋ ಪ್ರೋಟೀನು. ಐದು ದಿನಕ್ಕೊಮ್ಮೆ ಸಗಣಿ, ಹತ್ತು ದಿನಕ್ಕೊಮ್ಮೆ ಕಾಲುಭಾಗ ನೀರು ಬದಲು, ಮೇಲೆ ತೆಂಗಿನ ಗರಿಯ ನೆರಳು. ನೆರಳು, ನೀರು, ಹದವಾದ ಗೊಬ್ಬರ, ದಿನನಿತ್ಯದ ಕಣ್ಗಾವಲು: ಹಾಲು ಕರೆಯುವ ಹೆಣ್ಣುಮಗಳು ಇದನ್ನೆಲ್ಲ ಯಾವ ಪುಸ್ತಕವನ್ನೂ ಓದದೆ ಮಾಡುತ್ತಿದ್ದಾಳೆ. ಅವಳನ್ನು ಯಾರೂ ಸಸ್ಯಪ್ರೇಮಿ ಎಂದು ಕರೆಯುವುದಿಲ್ಲ. ಬಿತ್ತನೆಯ ಅಜೋಲಕ್ಕೆ ಅಕ್ಕಪಕ್ಕದವರನ್ನೋ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕೇಳಿ. ಆದರೆ ಗುಂಡಿಯ ನೀರನ್ನು ಕೆರೆಗೆ, ಕಾಲುವೆಗೆ ಬಿಡಬೇಡಿ. ಅಂದಕ್ಕಾಗಿ ಊರೂರು ದಾಟಿದ ಬ್ರೆಜಿಲ್ಲಿನ ಸಾಲ್ವೀನಿಯಾ ಎಂಬ ಇನ್ನೊಂದು ನೀರಿನ ಜರೀಗಿಡ ಕೇರಳದ ಹಿನ್ನೀರನ್ನು ಮುಚ್ಚಿಹಾಕಿದ್ದು, ಕೊನೆಗೆ ಅದನ್ನು ತಿನ್ನುವ ದುಂಬಿಯನ್ನೇ ಹೊರನಾಡಿನಿಂದ ತರಬೇಕಾಗಿ ಬಂದದ್ದು ನೆನಪಿರಲಿ.

ಅರಕಲಗೂಡಿನವರಿಗೆ ನೆರೆಯ ಕೊಡಗಿನ ಪರಿಚಯ ಹೊಸದಲ್ಲ. ಮಳೆಗಾಲದ ಆರಂಭದಲ್ಲಿ ಅಲ್ಲಿಯವರು ತೊರೆಯಂಚಿನ 'ತೆರ್ಮೆ ತೊಪ್ಪಿ'ನ ಎಳೆಯ ಸುರುಳಿಗಳನ್ನು ಮುರಿದು ತಂದು ಪಲ್ಯ ಮಾಡುತ್ತಾರೆ. ಇದೂ ಒಂದು ಜರೀಗಿಡ. ಎಳೆಯ ಚಿಗುರನ್ನಷ್ಟೇ ಮುರಿಯುತ್ತಾರೆ, ಬುಡಕ್ಕೆ ಕೈಹಾಕುವುದಿಲ್ಲ. ಮುಂದಿನ ವಾರ ಅಲ್ಲಿಯೇ ಹೊಸ ಸುರುಳಿ. ತಿನ್ನುವವರು ಗಿಡವನ್ನು ಉಳಿಸಿದರು, ನೋಡಿ ಆನಂದಿಸುತ್ತೇವೆನ್ನುವವರು ಕಿತ್ತರು! ಬಚ್ಚಲ ನೀರು ಹರಿದು ನಿಲ್ಲುವ ಕಡೆ ಇದನ್ನು ಬೆಳೆಸಿದರೆ ಅಂದವೂ ಆಯಿತು, ಅಡಿಗೆಯೂ ಆಯಿತು. ಆದರೆ ಗುರುತು ಬಲ್ಲವರನ್ನು ಕೇಳದೆ ಯಾವ ಜರೀಗಿಡವನ್ನೂ ಬಾಯಿಗಿಡಬಾರದು, ಹಸಿಯಾಗಿಯಂತೂ ತಿನ್ನಲೇಬಾರದು. ಬೆಟ್ಟದ ಬಯಲುಗಳಲ್ಲಿ ಪೊದೆಗಟ್ಟುವ ಬ್ರ್ಯಾಕನ್ ಜಾತಿಯಲ್ಲಿ ಕ್ಯಾನ್ಸರಿಗೆ ಕಾರಣವಾಗುವ ವಿಷವಿದೆ. ಅದನ್ನು ಹೆಚ್ಚು ಕಾಲ ಮೇಯ್ದ ದನಗಳ ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳುತ್ತದೆ.

ಇಷ್ಟಾದ ಮೇಲೆ ವಿದ್ಯಾರ್ಥಿಗಳಿಂದಲೇ ಕೇಳಿಬರುವ ಒಂದು ಆಕ್ಷೇಪಣೆಯಿದೆ, ಅದು ಹಗುರವಾದುದಲ್ಲ. 'ಎತ್ತಿನಹೊಳೆಯ ನೀರನ್ನು ಎತ್ತಿ ಪೂರ್ವಕ್ಕೆ ತಿರುಗಿಸುವ ಯೋಜನೆಗೆ ಸಕಲೇಶಪುರದ ಗುಡ್ಡಗಳನ್ನು ಸೀಳಿ ಕೊಳವೆ ಹೂತರು. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತಕ್ಕೆ ಚಾಲನೆಯೂ ಆಯಿತು. ವರ್ಷಕ್ಕೆ 24 ಟಿಎಂಸಿ ನೀರೆಂದು ಲೆಕ್ಕ. ಇಡೀ ತೊರೆಗೇ ಕುತ್ತು ಬಂದಿರುವಾಗ ಒಬ್ಬ ಗೃಹಿಣಿಯ ಒಂದು ಕುಂಡದ ಮೇಲೆ ನಿಮ್ಮ ಸಿಟ್ಟೆ?' ಪ್ರಶ್ನೆ ನ್ಯಾಯವಾದದ್ದೇ. ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ಕೊಡಬಾರದೆಂದು 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ ಹೇಳಿದಾಗ ಅದರ ಪರವಾಗಿ ನಿಂತವರಲ್ಲಿ ನಾವೂ ಇರಬೇಕಿತ್ತು, ಇನ್ನು ಮುಂದೆಯೂ ಇರಬೇಕು. ಒಂದು ಕುಂಡವೂ ಒಂದು ಯೋಜನೆಯೂ ಸಮವೆಂದು ನಾವು ಹೇಳುತ್ತಿಲ್ಲ. ಆದರೆ ಎರಡರ ಹಿಂದಿನ ನೋಟ ಒಂದೇ ಎಂಬುದನ್ನು ಗಮನಿಸಿ. ಘಟ್ಟವೆಂದರೆ ಬಯಲಿನವರ ಉಗ್ರಾಣ, ಬೇಕಾದಾಗ ಬಾಗಿಲು ತೆರೆದು ಬೇಕಾದ್ದನ್ನು ಎತ್ತಿಕೊಂಡು ಬರಬಹುದು, ಖಾಲಿಯಾದರೆ ಮತ್ತೆ ತಾನೇ ತುಂಬುತ್ತದೆ ಎಂಬ ನೋಟ. ಆ ನೋಟವಿಟ್ಟುಕೊಂಡು ಭಾನುವಾರ ಜರೀಗಿಡ ಕಿತ್ತು ತಂದವರು ಸೋಮವಾರ ಯೋಜನೆಯ ವಿರುದ್ಧ ಮನವಿಗೆ ಸಹಿ ಹಾಕಿದರೆ ಆ ಸಹಿಗೆ ಎಷ್ಟು ತೂಕ? ಹೇಮಾವತಿಯ ನೀರನ್ನೇ ಕುಡಿಯುವ ಹೊಳೆನರಸೀಪುರದವರಿಗೆ ಆ ನೀರಿನ ಹುಟ್ಟು ಎಲ್ಲಿಯದೆಂದು ಯಾರೂ ಹೇಳಬೇಕಾಗಿಲ್ಲ. ಕಾಡಿನ ನೆಲದ ಮೇಲೆ ಪಾಚಿ, ಜರೀಗಿಡ, ತರಗೆಲೆಗಳ ಹೊದಿಕೆ ಮಳೆಯ ಹೊಡೆತವನ್ನು ತಡೆದು ನೀರನ್ನು ನಿಧಾನಕ್ಕೆ ಇಳಿಸುವುದರಿಂದಲೇ ಮಾರ್ಚಿಯಲ್ಲಿಯೂ ತೊರೆಯಲ್ಲಿ ಒಂದಿಷ್ಟು ಹರಿವು ಉಳಿಯುತ್ತದೆ.

ರಸ್ತೆ ಬದಿಯಲ್ಲಿ ಗಿಡ ಮಾರುವವರ ಮಾತನ್ನೂ ಆಡಬೇಕು. ಘಟ್ಟದ ಬುಡದ ಹಳ್ಳಿಯ ಹುಡುಗ ನೂರು ರೂಪಾಯಿಗೆ ಗಿಡ ಕಿತ್ತು ಕೊಟ್ಟರೆ ಅವನನ್ನು ಮಾತ್ರ ಅಪರಾಧಿಯಾಗಿಸುವುದು ಅನ್ಯಾಯ, ಕೊಳ್ಳುವವನಿಲ್ಲದೆ ಮಾರುವವನಿಲ್ಲ. ಅವನಿಗೆ ಬೇಕಾದದ್ದು ಉಪದೇಶವಲ್ಲ, ಬದಲಿ ಕೆಲಸ. ಮಲೆನಾಡಿನ ಹವೆಯಲ್ಲಿ ಬೀಜಾಣು ಮೊಳೆಯಿಸುವುದು ಬಯಲಿಗಿಂತ ಸುಲಭ. ಸ್ತ್ರೀಶಕ್ತಿ ಸಂಘವೊಂದು ಒಂದು ನೆರಳುಬಲೆಯ ಚಪ್ಪರದಲ್ಲಿ ಬೀಜಾಣುವಿನಿಂದಲೂ ಹಂಬಿನಿಂದಲೂ ಎಬ್ಬಿಸಿದ ಗಿಡಗಳನ್ನು ಹಾಸನದ ಮಾರುಕಟ್ಟೆಗೆ ಕೊಡಬಹುದು. ಕುಂಡದಲ್ಲಿಯೇ ಹುಟ್ಟಿದ ಆ ಗಿಡಕ್ಕೆ ಬೇರು ಪೂರ್ತಿ ಇರುತ್ತದೆ, ಬಯಲಿನಲ್ಲಿ ಬದುಕುತ್ತದೆ, ಕೊಂಡವರು ಮರುವರ್ಷ ಬೈಯುವುದಿಲ್ಲ. ಕೊಳ್ಳುವವರು ಮಾಡಬೇಕಾದದ್ದು ಇಷ್ಟೇ: 'ಇದನ್ನು ಎಲ್ಲಿ ಬೆಳೆಸಿದಿರಿ?' ಎಂದು ಕೇಳುವುದು. ಕುಂಡದಿಂದ ಗಿಡವನ್ನು ಮೆಲ್ಲನೆ ಎತ್ತಿ ನೋಡಿ. ಬೇರು ಕುಂಡದ ಆಕಾರಕ್ಕೇ ಸುತ್ತಿಕೊಂಡಿದ್ದರೆ ಅದು ಅಲ್ಲಿಯೇ ಬೆಳೆದದ್ದು; ಸಡಿಲ ಮಣ್ಣು ಉದುರಿ ತುಂಡು ಬೇರು ಕಂಡರೆ, ಕಲ್ಲಿನ ಪಾಚಿ ಇನ್ನೂ ಅಂಟಿಕೊಂಡಿದ್ದರೆ, ಅದು ಎಲ್ಲಿಯದೆಂದು ತಿಳಿಯಿತು. ಅದನ್ನು ಅಲ್ಲಿಯೇ ಬಿಟ್ಟು ಬನ್ನಿ.

ಬೀಜಾಣು ಕೂಡಿಸಲು ಮಳೆ ಇಳಿಮುಖವಾಗುವ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಸಕಾಲ. ವಿಜ್ಞಾನದ ಅಧ್ಯಾಪಕರು ಪ್ರತಿ ತರಗತಿಗೆ ಒಂದು ಗಾಜಿನ ಭರಣಿ, ಒಂದು ಇಟ್ಟಿಗೆಯ ಚೂರು, ಶಾಲೆಯ ಬಾವಿಗಟ್ಟೆಯಲ್ಲಿಯೋ ಅಡುಗೆಮನೆಯ ಹಿಂದಿನ ಗೋಡೆಯಲ್ಲಿಯೋ ಬೆಳೆದಿರುವ ಜರೀಗಿಡದ ಒಂದು ಗರಿ, ಇಷ್ಟನ್ನು ಒದಗಿಸಲಿ. ಭರಣಿಯ ಮೇಲೆ ತಾರೀಖು, ಗಿಡ ಸಿಕ್ಕಿದ ಸ್ಥಳ ಬರೆದು ಅಂಟಿಸಿ, ವಾರಕ್ಕೊಮ್ಮೆ ಕಂಡದ್ದನ್ನು ಮಕ್ಕಳು ಪುಸ್ತಕದಲ್ಲಿ ಬರೆದಿಡಲಿ. ಹೃದಯಾಕಾರದ ತಗಡನ್ನು ಹತ್ತು ರೂಪಾಯಿಯ ಭೂತಗನ್ನಡಿಯಲ್ಲಿಯೂ ನೋಡಬಹುದು.